ನಾಲ್ಕು ಆಸನಗಳ ಫೆರಾರಿ: ವೇಗದೊಡನೆ ಉಪಯುಕ್ತತೆ

ಅತಿವೇಗದ ಕ್ರೀಡಾ ಕಾರೆಂದರೆ ಇಬ್ಬರಷ್ಟೇ ಕೂರಬಲ್ಲ, ಪೆಟ್ಟಿಗೆ ಇಡಲು ಸ್ಥಳವಿಲ್ಲದ, ಮಳೆ-ಹಿಮಕ್ಕೆ ಅಂಜುವ ವಾಹನವೆಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಇಟಲಿಯ ಮರನೆಲ್ಲೋ ಪಟ್ಟಣದ ಫೆರಾರಿ ಸಂಸ್ಥೆಯು 2011ರ ಜಿನೀವಾ ವಾಹನ ಪ್ರದರ್ಶನದಲ್ಲಿ ಅನಾವರಣಗೊಳಿಸಿದ 'ಎಫ್‌ಎಫ್' ಮಾದರಿಯು ಈ ಭಾವನೆಯನ್ನು ಅಲುಗಾಡಿಸಿತು. 'ಫೆರಾರಿ ಫೋರ್' ಎಂಬುದು ಹೆಸರಿನ ವಿಸ್ತರಣೆ; ನಾಲ್ಕು ಆಸನ ಹಾಗೂ ನಾಲ್ಕೂ ಚಕ್ರಗಳಿಗೆ ಚಾಲನಶಕ್ತಿ ಎಂಬುದು ಅದರ ಅರ್ಥ.

6.3 ಲೀಟರ್ ಸಾಮರ್ಥ್ಯದ, 12 ಸಿಲಿಂಡರುಗಳ ಎಂಜಿನ್ 660 ಅಶ್ವಶಕ್ತಿಯನ್ನು ಉತ್ಪಾದಿಸುತ್ತದೆ. ಗರಿಷ್ಠ ವೇಗ ಗಂಟೆಗೆ 335 ಕಿ.ಮೀ. ಇಂತಹ ವಾಹನದ ಹಿಂಬದಿಯಲ್ಲಿ 450 ಲೀಟರ್ ಸಾಮಾನಿನ ಸ್ಥಳವಿದ್ದು, ಹಿಂದಿನ ಆಸನಗಳನ್ನು ಮಡಚಿದಲ್ಲಿ ಅದು 800 ಲೀಟರಿಗೆ ಏರುತ್ತದೆ. ಛಾವಣಿಯನ್ನು ಹಿಂದಕ್ಕೆ ಉದ್ದವಾಗಿ ಎಳೆದಿರುವುದೇ ಇದಕ್ಕೆ ಕಾರಣ. ಆ ಆಕಾರವನ್ನು ಮೆಚ್ಚದವರೂ ಕಡಮೆಯೇನಿರಲಿಲ್ಲ.

ಆದರೆ ಅಭಿಮಾನಿಗಳ ನಿಜವಾದ ಕುತೂಹಲವಿರುವುದು ಚಾಲನ ವ್ಯವಸ್ಥೆಯಲ್ಲಿ. ಸಾಮಾನ್ಯ ನಾಲ್ಕು ಚಕ್ರ ಚಾಲನೆಯ ವಾಹನಗಳಲ್ಲಿ ಗೇರ್‌ಪೆಟ್ಟಿಗೆಯಿಂದ ಮುಂಬದಿಗೆ ಪ್ರತ್ಯೇಕ ದಂಡವನ್ನು ಒಯ್ಯಬೇಕು. ಅದರಿಂದ ತೂಕ ಹೆಚ್ಚುತ್ತದೆ, ಎಂಜಿನನ್ನು ಮೇಲಕ್ಕೆ ಏರಿಸಬೇಕಾಗುತ್ತದೆ. ಫೆರಾರಿಯ ತಂತ್ರಜ್ಞರು ಮುಖ್ಯ ಗೇರ್‌ಪೆಟ್ಟಿಗೆಯನ್ನು ಹಿಂದಿನ ಅಚ್ಚಿನ ಬಳಿಯೇ ಉಳಿಸಿ, ಎಂಜಿನಿನ ಮುಂತುದಿಗೆ ಮತ್ತೊಂದು ಪುಟ್ಟ ಗೇರ್‌ಪೆಟ್ಟಿಗೆಯನ್ನು ಜೋಡಿಸಿದರು. ಮುಂದಕ್ಕೆ ಎರಡು ಗೇರು, ಹಿಂದಕ್ಕೆ ಒಂದು. ವೇಗದ ವ್ಯತ್ಯಾಸವನ್ನು ಜಾರುವ ಕ್ಲಚ್‌ಗಳು ಸರಿದೂಗಿಸುತ್ತವೆ. ನಾಲ್ಕನೆಯ ಗೇರಿನವರೆಗೆ ಮಾತ್ರ ಈ ನೆರವು ಲಭ್ಯ. ಅನಂತರ ವಾಹನವು ಹಿಂಚಕ್ರಗಳ ಬಲದಿಂದಲೇ ಓಡುತ್ತದೆ. ಹಿಮದ ರಸ್ತೆಯಲ್ಲಿ ಹಿಡಿತ ಬೇಕಾದಾಗ ದೊರೆಯುತ್ತದೆ, ಬಯಲು ಹೆದ್ದಾರಿಯಲ್ಲಿ ಫೆರಾರಿಯ ಹಳೆಯ ಗುಣ ಉಳಿಯುತ್ತದೆ.

ಈ ಜಾಣ್ಮೆಗೆ ಬೆಲೆಯೂ ಇದೆ. ಮುಂಬದಿಯ ಈ ಘಟಕ ಕೆಟ್ಟರೆ ದುರಸ್ತಿ ಬಹಳ ದುಬಾರಿ. ಆದುದರಿಂದ ಬಳಸಿದ ವಾಹನ ಕೊಳ್ಳುವವರು ಅದರ ಸ್ಥಿತಿಯನ್ನು ನುರಿತವರಿಂದ ಪರೀಕ್ಷಿಸುವುದು, ಸರ್ವಿಸ್ ದಾಖಲೆಗಳನ್ನು ನೋಡುವುದು ಅವಶ್ಯ.

2016ರಲ್ಲಿ ಇದರ ಉತ್ತರಾಧಿಕಾರಿಯಾಗಿ 690 ಅಶ್ವಶಕ್ತಿಯ 'ಜಿಟಿಸಿ4 ಲುಸ್ಸೊ' ಬಂದಿತು. ಅದೇ ವರ್ಷ ಪ್ರಕಟಗೊಂಡ ಎಂಟು ಸಿಲಿಂಡರುಗಳ ಅಗ್ಗದ ಆವೃತ್ತಿಗೆ—ಅಗ್ಗವೆಂಬುದು ಇಲ್ಲಿ ಸಾಪೇಕ್ಷ ಪದ—ಮುಂಚಕ್ರ ಚಾಲನೆ ಇರಲಿಲ್ಲ. 2020ರಲ್ಲಿ ಈ ಸರಣಿಯ ತಯಾರಿಕೆ ನಿಂತಿತು.

2022ರಲ್ಲಿ ನಾಲ್ಕು ಬಾಗಿಲುಗಳ 'ಪುರೊಸಾಂಗ್ವೆ' ಹೊರಬಂದಾಗ ಬೇಡಿಕೆ ಎಷ್ಟೇ ಇರಲಿ, ಅದರ ಪಾಲು ಒಟ್ಟು ಉತ್ಪಾದನೆಯ ಶೇ. 20ನ್ನು ಮೀರದಂತೆ ನೋಡಿಕೊಳ್ಳುವುದಾಗಿ ಸಂಸ್ಥೆ ತಿಳಿಸಿತು. ಉಪಯುಕ್ತತೆಯನ್ನು ಮಾರಬೇಕು, ಆದರೆ ಬೀದಿಗೊಂದು ಫೆರಾರಿ ಕಾಣುವಷ್ಟು ಮಾರಬಾರದು ಎಂಬ ವ್ಯಾಪಾರ ಲೆಕ್ಕ ಅದರ ಹಿಂದಿದೆ.