ನಿಮಗಿದು ಗೊತ್ತೆ? ಒಂದು ಕಪ್ ಎಂದರೆ ಎಷ್ಟು ಗ್ರಾಂ?

ಪದಾರ್ಥ ಯಾವುದೆಂದು ಹೇಳದೆ ಈ ಪ್ರಶ್ನೆಗೆ ಉತ್ತರವಿಲ್ಲ. ಅಮೆರಿಕದ ಅಳತೆಯ ಕಪ್ಪಿನಲ್ಲಿ ಸುಮಾರು 237 ಮಿ.ಲೀ. ನೀರು ಹಿಡಿಯುತ್ತದೆ, ತೂಕವೂ ಹೆಚ್ಚುಕಡಿಮೆ ಅಷ್ಟೇ ಗ್ರಾಂ. ಅದೇ ಕಪ್ಪಿಗೆ ಸಕ್ಕರೆ ತುಂಬಿದರೆ ಸುಮಾರು 200 ಗ್ರಾಂ, ಜೇನುತುಪ್ಪವಾದರೆ 340 ಗ್ರಾಂ ತೂಗುತ್ತದೆ.

ಮೈದಾದ್ದೇ ದೊಡ್ಡ ತಕರಾರು. ಚಮಚದಿಂದ ಹಗುರವಾಗಿ ಉದುರಿಸಿ, ಚಾಕುವಿನ ಬೆನ್ನಿನಿಂದ ಮೇಲ್ಭಾಗ ಸವರಿದರೆ 120ರಿಂದ 125 ಗ್ರಾಂ. ಕಪ್ಪನ್ನೇ ಡಬ್ಬದೊಳಗೆ ಅದುಮಿ ತೆಗೆದರೆ 150 ಗ್ರಾಂ ದಾಟಬಹುದು. ಪಾಪ, ಕೇಕ್ ಗಟ್ಟಿಯಾಗಲು ಇಷ್ಟೇ ಸಾಕು! ತಕ್ಕಡಿಗೆ ಈ ಗೊಂದಲವಿಲ್ಲ.

ಕಪ್ಪೂ ಎಲ್ಲೆಡೆ ಒಂದೇ ಅಲ್ಲ. ಆಸ್ಟ್ರೇಲಿಯಾದ್ದು 250 ಮಿ.ಲೀ., ಜಪಾನಿನದು 200. ಅಲ್ಲಿನ ರೈಸ್ ಕುಕ್ಕರ್ ಜೊತೆ ಬರುವ ಅಕ್ಕಿ ಅಳೆಯುವ ಕಪ್ ಮಾತ್ರ 180. ಟೇಬಲ್ ಸ್ಪೂನ್ ಕೂಡ ಅಮೆರಿಕದಲ್ಲಿ ಸುಮಾರು 15, ಆಸ್ಟ್ರೇಲಿಯಾದಲ್ಲಿ 20 ಮಿ.ಲೀ.