ಬೆಳಕು ಬಂತು, ಕರೆಂಟ್ ಇಲ್ಲ

ಬೀದರ್‌ನಿಂದ ಕಮಠಾಣಕ್ಕೆ ಹೋಗುವ ದಾರಿಯ ಬದಿ, ಒಂದು ಸಂಜೆ. ನೀರಿನ ಪೈಪಿಗೆಂದು ಜೆಸಿಬಿ ಅಗೆದ ಗುಂಡಿಯಲ್ಲಿ, ಕೆಂಪು ಮಣ್ಣಿನ ನಡುವೆ, ಹರಿದ ಪ್ಲಾಸ್ಟಿಕ್ ಕೊಳವೆಯೊಂದು ಬಾಯಿಬಿಟ್ಟುಕೊಂಡು ಬಿದ್ದಿತ್ತು. ವ್ಯಾನಿನ ಹಿಂಬಾಗಿಲಲ್ಲಿ ಇಬ್ಬರು ಹುಡುಗರು ಕೂತಿದ್ದರು. ಒಬ್ಬ ಅದರೊಳಗಿನ ಕೇಬಲ್ಲಿನಿಂದ ನೀಲಿ ಗಾಜಿನ ಎಳೆಯೊಂದರ ಬಣ್ಣ ಕೆರೆದು, ಸ್ಪಿರಿಟ್‌ನಿಂದ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ ಟಿಫಿನ್ ಡಬ್ಬಿಯಷ್ಟಿದ್ದ ಯಂತ್ರದೊಳಗೆ ಮಲಗಿಸಿದ. ಆಚೆ ಕಡೆಯಿಂದ ಅದರ ಜೋಡಿ. ಮುಚ್ಚಳ ಹಾಕಿದ್ದೇ ಪುಟ್ಟ ಪರದೆಯ ಮೇಲೆ ಎರಡು ತುದಿಗಳು ಎದುರುಬದುರಾದವು, ಒಂದು ಕಿಡಿ, ಗಾಜು ಗಾಜಿಗೆ ಕರಗಿ ಕೂಡಿತು. ಕತ್ತರಿಸುವಾಗ ಉದುರಿದ ಚೂರುಗಳನ್ನು ಆತ ಬಿಡದೆ ಟೇಪಿಗೆ ಅಂಟಿಸಿಕೊಳ್ಳುತ್ತಿದ್ದ. "ಕಣ್ಣಿಗಿ ಕಾಣಲ್ರಿ, ಕಾಲಿಗಿ ಚುಚ್ಚಿದ್ರ ತೆಗಿಲಾಕ ಬರಲ್ಲ" ಎಂದ.

ಒಂದರ ಹಿಂದೆ ಒಂದು ಎಳೆ ಬೆಸೆದು ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಹಳ್ಳಿಯೊಂದಕ್ಕೆ ಫೋನ್ ಹಚ್ಚಿ "ಲೈಟ್ ಬಂತೇನ್ರಿ?" ಎಂದು ಕೇಳಿದ. ಆ ಕಡೆಯ ಉತ್ತರ ನನಗೂ ಕೇಳಿಸಿತು: "ಲೈಟ್ ಎಲ್ಲಿಂದ ಬರ್ತದ, ಕರೆಂಟೇ ಹೋಗ್ಯಾದ."

ಗಾಜಿನ ಎಳೆಯ ಇಡೀ ಕಥೆ ಈ ಉತ್ತರದಲ್ಲಿದೆ. ಎಳೆಯ ದಪ್ಪ 125 ಮೈಕ್ರಾನ್, ಹೆಚ್ಚುಕಡಿಮೆ ಕೂದಲಷ್ಟು. ಬೆಳಕು ಓಡುವ ನಡುತಿರುಳು ಬರೀ 9 ಮೈಕ್ರಾನ್. ಗಾಜಿನ ಕಲ್ಮಶ ತೆಗೆದರೆ ಬೆಳಕನ್ನು ದೂರ ಕಳಿಸಬಹುದು ಎಂದು ಚಾರ್ಲ್ಸ್ ಕಾವೊ 1966ರಲ್ಲಿ ತೋರಿಸಿಕೊಟ್ಟರು. ಅದಕ್ಕೆ ನೊಬೆಲ್ ಬಂದದ್ದು 2009ರಲ್ಲಿ. ಇವತ್ತಿನ ಎಳೆಯಲ್ಲಿ ಬೆಳಕು 15 ಕಿಲೋಮೀಟರ್ ಓಡಿದರೂ ಅರ್ಧದಷ್ಟು ಉಳಿದಿರುತ್ತದೆ. ಆದರೆ ಗಾಜು ಬೆಳಕನ್ನಷ್ಟೇ ಹೊರುತ್ತದೆ. ಆ ಬೆಳಕನ್ನು ಹಿಡಿದು ಮಾತಾಗಿ, ಪಹಣಿಯಾಗಿ ಬದಲಿಸುವ ಡಬ್ಬಿಗೆ ಊರಲ್ಲೇ ಕರೆಂಟ್ ಬೇಕು.

ಹಳೇ ತಾಮ್ರದ ಫೋನಿಗೆ ಈ ತಾಪತ್ರಯ ಇರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಅದೇ ಜೋಡಿ ತಂತಿಯಲ್ಲಿ ಹರಿದು ಬರುತ್ತಿತ್ತು. ಊರೆಲ್ಲ ಕತ್ತಲಾದರೂ ರಿಸೀವರ್ ಎತ್ತಿದರೆ ಡಯಲ್ ಟೋನ್. ಪಕ್ಕದ ಲೈನಿನ ಗಲಾಟೆ ತಾಗದಂತೆ ಜೋಡಿಯ ಎರಡೂ ತಂತಿಗಳನ್ನು ಹೊಸೆಯುವ ಉಪಾಯವೂ ಹಳೆಯದು. 1881ರಲ್ಲಿ ಗ್ರಹಾಂ ಬೆಲ್ ಅದಕ್ಕೆ ಪೇಟೆಂಟ್ ಪಡೆದಿದ್ದರು. ತಾಮ್ರಕ್ಕೆ ಶತ್ರುಗಳಾಗಿದ್ದವರು ಸಿಡಿಲು ಮತ್ತು ಕಳ್ಳರು. ಸುಟ್ಟು ಕರಗಿಸಿದರೆ ಗುಜರಿಯಲ್ಲಿ ಕಾಸು. ಗಾಜಿನ ಎಳೆಯನ್ನು ಕದ್ದರೂ ಲಾಭವಿಲ್ಲ, ಪಾಪ, ಅದಕ್ಕೆ ಗುಜರಿ ಬೆಲೆಯೇ ಇಲ್ಲ.

ಅದರ ಶತ್ರು ಗುದ್ದಲಿ. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು, ಆಮೇಲೆ ಅದೇ ಭಾರತ್‌ನೆಟ್ ಆಯಿತು. ಕೊಳವೆಯನ್ನು 1.65 ಮೀಟರ್ ಆಳದಲ್ಲಿ ಹೂಳಬೇಕೆಂಬುದು ಲೆಕ್ಕ. ಕಾಗದದ ಮೇಲೆ ಸುಲಭ. ಬೀದರ್ ಸುತ್ತಲಿನ ಜಂಬಿಟ್ಟಿಗೆ ನೆಲ ಗಾಳಿ ತಾಗಿದಷ್ಟೂ ಗಟ್ಟಿಯಾಗುವಂಥದ್ದು. ಕೋಟೆ ಕಟ್ಟಿದ್ದೇ ಆ ಕಲ್ಲಿನಿಂದ. ಭಾಲ್ಕಿ, ಔರಾದ್ ಕಡೆಯ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಉಬ್ಬುತ್ತದೆ, ಒಳಗಿದ್ದದ್ದನ್ನೆಲ್ಲ ಜಗ್ಗುತ್ತದೆ. ಐದು ಶತಮಾನದ ಹಿಂದೆ ನೌಬಾದಿನಲ್ಲಿ ನೀರು ಹರಿಸಲು ಕರೇಜ್ ಸುರಂಗ ಕೊರೆದವರು ದಾರಿಯುದ್ದಕ್ಕೂ ಇಳಿಯಲು ಬಾವಿಬಾಯಿಗಳನ್ನು ಬಿಟ್ಟಿದ್ದರು. ಹೂತದ್ದನ್ನು ರಿಪೇರಿ ಮಾಡಬೇಕಾಗುತ್ತದೆ ಎಂಬುದು ಅವರಿಗೆ ಅಗೆಯುವ ಮೊದಲೇ ಗೊತ್ತಿತ್ತು.

ಭಾರತ್‌ನೆಟ್ ಅದನ್ನು ತಡವಾಗಿ ಕಲಿಯಿತು. ಮೊದಲ ಹಂತದಲ್ಲಿ ಎಳೆ ತಾಲ್ಲೂಕಿನಿಂದ ಪಂಚಾಯತಿಗೆ ಒಂದೇ ಗೆರೆ: ನಡುವೆ ಎಲ್ಲಿ ಕಡಿದರೂ ಮುಂದಿನ ಊರುಗಳೆಲ್ಲ ಬಂದ್. ಹಳ್ಳಿಯಲ್ಲಿ ಅದಕ್ಕೆ "ಸರ್ವರ್ ಇಲ್ಲ" ಎನ್ನುತ್ತಾರೆ. ಕೇಬಲ್ ಕಡಿದರೂ, ಕರೆಂಟ್ ಹೋದರೂ, ಸಿಬ್ಬಂದಿ ಊಟಕ್ಕೆ ಹೋದರೂ ಅದೇ ಮಾತು. 2023ರ ಆಗಸ್ಟ್‌ನಲ್ಲಿ 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆಯಾಯಿತು. ಗೆರೆಯ ಬದಲು ಬಳೆ: ಒಂದು ಕಡೆ ಕಡಿದರೆ ಬೆಳಕು ಇನ್ನೊಂದು ಕಡೆಯಿಂದ ಸುತ್ತಿ ಬರಬೇಕು. ಜೊತೆಗೆ ಹತ್ತು ವರ್ಷದ ನಿರ್ವಹಣೆ ಮತ್ತು ಕರೆಂಟ್ ಹೋದಾಗ ಆಸರೆಗೆ ಬ್ಯಾಕಪ್. ನನ್ನ ಕಣ್ಣಿಗೆ ಅತಿ ದೊಡ್ಡ ಸುಧಾರಣೆ ಈ ಕೊನೆಯದೇ.

ಗಾಜಿನ ಪ್ರಯೋಗವಂತೂ ನಿಂತಿಲ್ಲ. ಎಳೆಯ ನಡುವೆ ಗಾಜನ್ನೇ ಬಿಟ್ಟು ಟೊಳ್ಳು ಮಾಡಿ, ಗಾಳಿಯಲ್ಲೇ ಬೆಳಕು ಓಡಿಸುವ ಫೈಬರ್ 2025ರಲ್ಲಿ ದಾಖಲೆ ಬರೆಯಿತು: ಅದರಲ್ಲಿ ಬೆಳಕು ಅರ್ಧಕ್ಕಿಳಿಯಲು 33 ಕಿಲೋಮೀಟರ್ ಓಡಬೇಕು. ಹಾಗಂತ ತಾಮ್ರ ಮೂಲೆ ಸೇರಿಲ್ಲ. ಎನ್‌ವಿಡಿಯಾ 2024ರಲ್ಲಿ ತೋರಿಸಿದ ಎಐ ಕಂಪ್ಯೂಟರ್ ಕಪಾಟಿನೊಳಗೆ 5,000 ತಾಮ್ರದ ಕೇಬಲ್‌ಗಳಿವೆ. ಅಲ್ಲಿ ಗಾಜು ಹಾಕಿದ್ದರೆ ಬೆಳಕನ್ನು ಹುಟ್ಟಿಸಿ ಹಿಡಿಯುವುದಕ್ಕೇ 20 ಕಿಲೋವ್ಯಾಟ್ ಹೆಚ್ಚು ಸುಡುತ್ತಿತ್ತು ಎಂದು ಕಂಪನಿಯ ಮುಖ್ಯಸ್ಥರೇ ಹೇಳಿದರು. ಬೀದರಿನ ಬಿದ್ರಿ ಕಲೆಯ ಎರಕದಲ್ಲೂ ಸತುವೇ ಹದಿನಾರು ಪಾಲು, ತಾಮ್ರ ಒಂದು ಪಾಲು. ಆ ಒಂದು ಪಾಲನ್ನು ಯಾವ ಕುಶಲಕರ್ಮಿಯೂ ಬಿಟ್ಟಿಲ್ಲ.

ಕಚೇರಿಯೊಳಗಿನ ಕೊನೆಯ ನೂರು ಮೀಟರ್ ಈಗಲೂ ತಾಮ್ರದ್ದೇ: ನಾಲ್ಕು ಜೋಡಿ ಹೊಸೆದ ಕ್ಯಾಟ್-6 ಕೇಬಲ್. 2003ರಿಂದ ಅದೇ ಕೇಬಲ್ಲಿನಲ್ಲಿ ಡೇಟಾದ ಜೊತೆ ಕರೆಂಟನ್ನೂ ಕಳಿಸುವ ಕ್ರಮ ಬಂದಿದೆ, ಮೊದಲು 15 ವ್ಯಾಟ್, 2018ರ ಹೊತ್ತಿಗೆ 90. ಗೋಡೆಯ ಮೇಲಿನ ವೈಫೈ ಡಬ್ಬಿಗೂ ಕ್ಯಾಮೆರಾಕ್ಕೂ ಬೇರೆ ಪ್ಲಗ್ ಬೇಡ. ಎಕ್ಸ್‌ಚೇಂಜಿನ 48 ವೋಲ್ಟ್ ಹೀಗೆ ಹಿಂಬಾಗಿಲಿನಿಂದ ಮನೆಗೆ ಮರಳಿದೆ. ಇಲ್ಲೂ ವೋಲ್ಟೇಜು ಹೆಚ್ಚುಕಡಿಮೆ ಅಷ್ಟೇ.

ಆ ಸಂಜೆ ಹುಡುಗರು ವ್ಯಾನು ಹೊರಡಿಸಲಿಲ್ಲ. ಕರೆಂಟ್ ಬಂದು ಡಬ್ಬಿಯ ಕೆಂಪು ದೀಪ ಹಸಿರಾಯಿತೆಂದು ಊರಿನವರು ಹೇಳುವ ತನಕ ಗುಂಡಿ ಮುಚ್ಚುವಂತಿರಲಿಲ್ಲ. ಚಹಾ ತರಿಸಿದರು. ಕಾಯುತ್ತಾ ಕೂತರು.