ಗಣಕದ ಮುಂದೆ ಬೀಜಗಣಿತದ ಕಿರುಪ್ರಮೇಯಗಳು

ಒಂದು ಸಂಖ್ಯೆಯಿಂದ ಇನ್ನೊಂದನ್ನು ಕಳೆದು, ಕಳೆದುದನ್ನೇ ಮತ್ತೆ ಕೂಡಿಸಿದರೆ ಮೊದಲಿನ ಸಂಖ್ಯೆಯೇ ದೊರೆಯುತ್ತದೆ. ಶಾಲೆಯ ಮಕ್ಕಳೂ ಬಲ್ಲ ಈ ಮಾತಿಗೆ ಸಾಧನೆಯನ್ನು ಯಾರೂ ಕೇಳುವುದಿಲ್ಲ. ಗಣಕಯಂತ್ರ ಮಾತ್ರ ಕೇಳುತ್ತದೆ.

ತರ್ಕದ ಒಂದು ಮೆಟ್ಟಿಲನ್ನೂ ಬಿಡದೆ ಗಣಿತದ ಸಾಧನೆಗಳನ್ನು ಗಣಕದಿಂದ ಪರೀಕ್ಷಿಸುವ ಪ್ರಯತ್ನ ನೆದರ್ಲೆಂಡ್ಸಿನ ಡಿ ಬ್ರಾಯ್ನ್ ಅವರ 'ಆಟೋಮ್ಯಾತ್' ಭಾಷೆಯಿಂದ 1960ರ ದಶಕದಲ್ಲಿಯೇ ಆರಂಭವಾಯಿತು. ಲಿಯೊನಾರ್ಡೊ ಡಿ ಮೌರಾ 2013ರಲ್ಲಿ ತೊಡಗಿದ 'ಲೀನ್' ಭಾಷೆಯಲ್ಲಿ 2017ರಿಂದ ಬೆಳೆಯುತ್ತಿರುವ 'ಮ್ಯಾಥ್‌ಲಿಬ್' ಇಂದಿನ ದೊಡ್ಡ ಪ್ರಮೇಯಭಂಡಾರಗಳಲ್ಲೊಂದು.

ಮೇಲಿನ ನಿಯಮವನ್ನು ಇಂಥ ಭಂಡಾರಕ್ಕೆ ಕಿರುಪ್ರಮೇಯವಾಗಿ, ಎಂದರೆ ಗಣಿತಜ್ಞರ 'ಲೆಮ್ಮ'ವಾಗಿ, ಸೇರಿಸಹೊರಟವರಿಗೆ ಎದುರಾಗುವ ಮೊದಲ ಪ್ರಶ್ನೆ: ಯಾವ ಬಗೆಯ ಸಂಖ್ಯೆ? ಪೂರ್ಣಾಂಕಗಳಲ್ಲಿ ನಿಯಮ ನಿಜ. ಸ್ವಾಭಾವಿಕ ಸಂಖ್ಯೆಗಳಲ್ಲಿಯಾದರೋ ಋಣಸಂಖ್ಯೆಗೆ ಎಡೆಯಿಲ್ಲ. ಆದಕಾರಣ ಲೀನ್‌ನಲ್ಲಿ ಅಲ್ಲಿ 3ರಿಂದ 5ನ್ನು ಕಳೆದರೆ 0. ಮರಳಿ 5ನ್ನು ಕೂಡಿಸಿದರೆ ಬರುವುದು 3 ಅಲ್ಲ, 5. ಕಳೆಯುವ ಸಂಖ್ಯೆ ಮೊದಲನೆಯದಕ್ಕಿಂತ ದೊಡ್ಡದಾಗಿರಕೂಡದೆಂಬ ನಿಬಂಧನೆಯನ್ನು ಅಲ್ಲಿ ಬರೆದೇ ತೀರಬೇಕು.

ಭಾಗಾಕಾರದಲ್ಲಿ ಇದಕ್ಕಿಂತ ಸ್ವಾರಸ್ಯವಿದೆ. ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂಬುದು ಈ ಭಂಡಾರದ ಕಟ್ಟಳೆ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಕಾಲದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಮಾರ್ಪಡದೆ ಉಳಿಯುತ್ತದೆಂದನು. ಅದನ್ನು ದೋಷವೆಂದು ಎತ್ತಿ ತೋರಿಸುವುದು ವಾಡಿಕೆ. ಹಾಗಾದರೆ ಲೀನ್‌ನದು ದೋಷವಲ್ಲವೆ? ಅಲ್ಲ. ಆಚಾರ್ಯನು ಹೇಳಿದ್ದು ಸತ್ಯವೆಂದು; ಇದಾದರೋ ಅನುಕೂಲಕ್ಕಾಗಿ ಮಾಡಿಕೊಂಡ ಒಪ್ಪಂದ. ಭಾಗಿಸಿ ಗುಣಿಸಿದರೆ ಮೊದಲಿನದೇ ಬರುತ್ತದೆಂಬ ಪ್ರಮೇಯದಲ್ಲಿ 'ಭಾಜಕ ಸೊನ್ನೆಯಲ್ಲ' ಎಂಬ ಷರತ್ತು ಕಾವಲಿಗೆ ನಿಂತಿರುತ್ತದೆ.

ಎರಡನೆಯ ಪ್ರಶ್ನೆ ವ್ಯಾಪ್ತಿಯದು. ಪೂರ್ಣಾಂಕಗಳಿಗೊಂದು, ಭಿನ್ನರಾಶಿಗಳಿಗೊಂದು ಎಂದು ಬರೆಯುತ್ತ ಹೋದರೆ ಭಂಡಾರ ಉಗ್ರಾಣವಾದೀತು. 'ಗ್ರೂಪ್' ಎಂಬ ಅಮೂರ್ತ ರಚನೆಯಲ್ಲಿ ಒಮ್ಮೆ ಸಾಧಿಸಿದರೆ ಅವೆಲ್ಲಕ್ಕೂ ಅದು ತಾನಾಗಿ ಅನ್ವಯಿಸುತ್ತದೆ. ಗುಣಾಕಾರದಲ್ಲಿ ಬರೆದುದರಿಂದ ಸಂಕಲನದ ರೂಪವನ್ನು ಯಂತ್ರವೇ ಹೊರಡಿಸಿಕೊಡುವ ಏರ್ಪಾಡೂ ಇದೆ. ಹೆಸರಿಡುವುದಕ್ಕೂ ಶಿಸ್ತುಂಟು: 'ಸಬ್-ಆ್ಯಡ್-ಕ್ಯಾನ್ಸಲ್' ಎಂಬ ಹೆಸರೇ ಕಳೆದು ಕೂಡಿದರೆ ರದ್ದಾಗುತ್ತದೆಂದು ಸಾರುತ್ತದೆ. ಹೆಸರು ಅಡ್ಡಾದಿಡ್ಡಿಯಾದರೆ ಇದ್ದ ಪ್ರಮೇಯ ಕಣ್ಣಿಗೆ ಬೀಳದೆ ಇನ್ನೊಬ್ಬರು ಅದನ್ನೇ ಮತ್ತೆ ಸಾಧಿಸಲು ಕೂರುತ್ತಾರೆ.

ಇಷ್ಟೆಲ್ಲ ಶ್ರಮ ಯಾತಕ್ಕೆ? ಜರ್ಮನಿಯ ಪೀಟರ್ ಶೋಲ್ಜ಼ ಅವರಿಗೆ, ಕ್ಲೌಸೆನ್ ಅವರೊಡನೆ ತಾವೇ ರೂಪಿಸಿದ ಪ್ರಮೇಯವೊಂದರ ಸಾಧನೆಯಲ್ಲಿ ಪೂರ್ಣ ಭರವಸೆಯಿರಲಿಲ್ಲ. 2020ರ ಡಿಸೆಂಬರಿನಲ್ಲಿ ಅವರು ಅದನ್ನು ಪರೀಕ್ಷೆಗೆ ಒಡ್ಡಿದರು. ಲೀನ್‌ನಲ್ಲಿ ಅದು ಪೂರ್ಣಗೊಂಡದ್ದು 2022ರ ಜುಲೈಯಲ್ಲಿ. ದಾರಿಯುದ್ದಕ್ಕೂ ಭಂಡಾರದಲ್ಲಿಲ್ಲದ ಎಷ್ಟೋ ಕಿರುಪ್ರಮೇಯಗಳನ್ನು ಮೊದಲು ಬರೆದುಕೊಳ್ಳಬೇಕಾಯಿತು.